ಗಿಡ್ಡ ಬಿದ್ದ ಚೆಂಡು

ಮಾರ್ಚ್ 4

ಈ ಡೈರಿಯನ್ನು ತಂಗಿ ಹೋಗುವಾಗ ಕೊಟ್ಟು ಹೋದಳು. ಅವಳ ಗಂಡನ ಕನ್ನಡಕದ ಅಂಗಡಿಯದು. ಪ್ರತಿ ಪುಟದ ತಲೆಯ ಮೇಲೂ ಒಂದು ಕನ್ನಡಕ ಅಚ್ಚಾಗಿದೆ. ಬರೆಯುತ್ತಿದ್ದರೆ ಯಾರೋ ಎದುರು ಕೂತು ದಿಟ್ಟಿಸುತ್ತಿರುವ ಹಾಗಿದೆ. "ಸಂಜೆ ಹೊತ್ತು ಇನ್ನು ಯಾರ ಮೇಲೆ ರೇಗ್ತೀಯಾ ಅಕ್ಕ? ಇದ್ರ ಮೇಲೆ ರೇಗು," ಅಂದಳು. ನಲವತ್ತು ದಾಟಿದ ಮೇಲೆ ಮದುವೆಯಾದವಳಿಗೆ ಇಪ್ಪತ್ತರ ಹುಡುಗಿಯ ನಾಚಿಕೆ.

ನಾನು ರೇಗುವವಳಲ್ಲ. ಚಿಕ್ಕ ಮಕ್ಕಳಿಗೆ ಟೆನಿಸ್ ಕಲಿಸುವವಳು ರೇಗಿದರೆ ಮರುದಿನ ಕೋರ್ಟು ಖಾಲಿ.

ಮನೆ ಈಗ ಶಾಂತವಾಗಿದೆ. ರೇಡಿಯೊ ಜೋರು ಮಾಡುವವರಿಲ್ಲ. ಬಚ್ಚಲಮನೆಯ ಬಾಗಿಲು ಬಡಿಯಬೇಕಾಗಿಲ್ಲ. ಕೋರ್ಟಿನ ಕೆಂಪು ಮಣ್ಣು ತುಂಬಿದ ಸಾಕ್ಸನ್ನು ಹೊಸ್ತಿಲ ಆಚೆಯೇ ಕೊಡವು ಅಂತ ಕೂಗುವವರೂ ಇಲ್ಲ. ಇವತ್ತು ಸಾಕ್ಸ್ ಹಾಕಿಕೊಂಡೇ ಅಡುಗೆಮನೆಯವರೆಗೆ ನಡೆದೆ. ಹಾಯೆನಿಸಿತು. ಆಮೇಲೆ ಪೊರಕೆ ಹುಡುಕಿದೆ. ಅದನ್ನು ಅವಳು ಎಲ್ಲಿಡುತ್ತಿದ್ದಳೋ ಗೊತ್ತಾಗಲಿಲ್ಲ.

ಮಾರ್ಚ್ 7

ಕೆಂಪು ಚೆಂಡಿನ ಹೊಸ ಮಕ್ಕಳು ಬಂದಿದ್ದಾರೆ. ಕೈಕುಲುಕುವ ಹಾಗೆ ರ‍್ಯಾಕೆಟ್ ಹಿಡಿ ಅಂದರೆ ಒಬ್ಬಳು ಅದಕ್ಕೆ ತನ್ನ ಹೆಸರನ್ನೂ ಹೇಳಿದಳು.

ಎಂದಿನಂತೆ ಒಬ್ಬ ತಾಯಿ ಕೇಳಿದರು: "ಮೇಡಂ, ನಿಜವಾದ ಬಾಲ್ ಯಾವಾಗ ಕೊಡ್ತೀರಿ?" ಎಲ್ಲವೂ ನಿಜವಾದ ಚೆಂಡೇ, ತಾಯಿ. ಮೊದಲು ಕೆಂಪು. ದೊಡ್ಡದು, ಮೆತ್ತಗಿನದು, ನಿಧಾನವಾಗಿ ಬರುತ್ತದೆ. ಅದರಲ್ಲಿ ಕಣ್ಣು ಕಲಿಯುತ್ತದೆ. ಆಮೇಲೆ ಕಿತ್ತಳೆ. ಸ್ವಲ್ಪ ಚುರುಕು, ಕೋರ್ಟೂ ಸ್ವಲ್ಪ ಉದ್ದ. ಅದರಲ್ಲಿ ಕಾಲು ಕಲಿಯುತ್ತದೆ. ಅದಾದ ಮೇಲೆ ಹಸಿರು ಚುಕ್ಕೆಯದು, ಕೊನೆಗೆ ಎಲ್ಲರೂ ಟೀವಿಯಲ್ಲಿ ನೋಡುವ ಹಳದಿ. ಅವೆರಡೂ ದೊಡ್ಡ ಕೋರ್ಟಿನವು, ನನ್ನವಲ್ಲ. ನನ್ನ ಕೋರ್ಟು ಹಿಂದಿನ ಗೋಡೆಗೂ ಒಂದು ಹಸಿರು ಬಟ್ಟೆಯ ಪರದೆಗೂ ನಡುವೆ ಇದೆ. ಪರದೆಯ ಆಚೆ ದೊಡ್ಡ ಕೋರ್ಟಿನ ಸರ್ ಇದ್ದಾರೆ. ರಜೆಯಲ್ಲಿ, ವರ್ಷಕ್ಕೆ ಒಂದೇ ಸಲ, ತಯಾರಾದ ಮಕ್ಕಳನ್ನು ಆಚೆ ದಾಟಿಸುತ್ತೇನೆ.

ದಾಟಿಸಿದ ಮೇಲೆ ಕೆಲವು ವಾರ ಆ ಕಡೆ ತಲೆ ಹಾಕುವುದಿಲ್ಲ. ಇದು ನಾನೇ ಹಾಕಿಕೊಂಡ ಕಟ್ಟುಪಾಡು. ಹಳೆಯ ಮೇಡಂ ಕಂಡರೆ ಮಕ್ಕಳು ಚೆಂಡು ಬಿಟ್ಟು ಮೇಡಂ ಮುಖ ನೋಡುತ್ತಾರೆ.

ಒಂದೇ ಪಾಠವನ್ನು ದಿನವಿಡೀ ಕೂಗಿ ಗಂಟಲು ಒರಟಾಗಿದೆ. ಬಂತು, ಬಾಗು, ಕಳಿಸು, ಜಾಗಕ್ಕೆ ಬಾ. ಮಕ್ಕಳು ಮೊದಲ ಮೂರನ್ನು ಬೇಗ ಕಲಿಯುತ್ತಾರೆ. ನಾಲ್ಕನೆಯದಕ್ಕೇ ತಕರಾರು. ಒಂದು ಒಳ್ಳೆಯ ಹೊಡೆತ ಬಿದ್ದರೆ ಸಾಕು, ಅದು ಎಲ್ಲಿ ಹೋಯಿತೆಂದು ಬಾಯಿ ತೆರೆದು ನೋಡುತ್ತಾ ನಿಂತುಬಿಡುತ್ತಾರೆ. "ಕಳಿಸಿದ ಮೇಲೆ ಅದು ನಿನ್ನದಲ್ಲ. ನೋಡ್ತಾ ನಿಲ್ಲಬೇಡ, ಜಾಗಕ್ಕೆ ಬಾ." ಇದನ್ನು ಈ ಜನ್ಮದಲ್ಲಿ ಎಷ್ಟು ಸಲ ಹೇಳಿದ್ದೇನೋ.

ಮಾರ್ಚ್ 12

ಕಿತ್ತಳೆ ಗುಂಪಿನಲ್ಲಿ ಗೊಣಗಜ್ಜಿ ಅಂತ ನಾನು ಹೆಸರಿಟ್ಟ ಹುಡುಗಿ ಇದ್ದಾಳೆ. ಬಸ್ ಡ್ರೈವರ್ ಒಬ್ಬರ ಮಗಳು. ಪ್ರತಿ ಚೆಂಡಿಗೂ ತುಟಿಯೊಳಗೇ ಏನೋ ಗೊಣಗುತ್ತಾಳೆ. ಏನೆಂದು ಕೇಳಿದರೆ "ಏನಿಲ್ಲ" ಅನ್ನುತ್ತಾಳೆ. ನನ್ನನ್ನೇ ಬೈಯುತ್ತಿರಬೇಕು, ಬೈಯಲಿ. ಕಾಲು ಮಾತ್ರ ಅದ್ಭುತ. ಇಂಥ ಕಾಲನ್ನು ಕಲಿಸಲಾಗುವುದಿಲ್ಲ, ಬಂದಾಗ ಹಾಳು ಮಾಡದೆ ಇದ್ದರೆ ಅದೇ ದೊಡ್ಡದು.

ಅವಳ ಅಪ್ಪನ ಕೊನೆಯ ಟ್ರಿಪ್ ಮುಗಿಯುವವರೆಗೆ ಅವಳು ಕೋರ್ಟಿನಲ್ಲೇ ಇರಬೇಕು. ಎಲ್ಲರೂ ಹೋದ ಮೇಲೆ ಚೆಂಡು ಹೆಕ್ಕಿ ಕೊಡುತ್ತಾಳೆ. ಆಮೇಲೆ ಬುಟ್ಟಿ ಬೋರಲು ಹಾಕಿಕೊಂಡು ಅದರ ಮೇಲೆ ಕೂತು ನನ್ನ ವಿಚಾರಣೆ ಮಾಡುತ್ತಾಳೆ.

"ಮೇಡಂ, ನಿಮ್ಮ ಸಾಕ್ಸ್ ಯಾಕೆ ಒಂದೊಂದು ಒಂದೊಂದು ಥರ ಇದೆ?"

"ಎರಡೂ ಬಿಳೀನೇ."

"ಒಂದು ಬಿಳಿ. ಇನ್ನೊಂದು ಬಿಳಿ ಆಗಿತ್ತು."

ಸಾಕ್ಸ್ ಜೋಡಿಸುತ್ತಿದ್ದವಳು ತಂಗಿ ಅಂತ ಹೇಳಿದೆ. ಅವಳು ಎಲ್ಲಿ ಹೋದಳು, ಯಾವಾಗ ಬರುತ್ತಾಳೆ, ಹಾಗಾದರೆ ಮನೆಯಲ್ಲಿ ಯಾರಿದ್ದಾರೆ ಅಂತೆಲ್ಲ ಕೇಳಿದಳು. ಯಾರೂ ಇಲ್ಲ ಅಂದೆ. ಅದಕ್ಕೂ ಏನೋ ಗೊಣಗಿದಳು.

ಮಾರ್ಚ್ 19

ತಂಗಿಯ ಫೋನು. ಭಾನುವಾರ ಊಟಕ್ಕೆ ಬಾ ಅಂದಳು. ಕ್ಲಾಸಿದೆ ಅಂದೆ. ಭಾನುವಾರ ಕ್ಲಾಸಿಲ್ಲ ಅನ್ನುವುದು ಅವಳಿಗೆ ಗೊತ್ತಿದೆ. ನನಗೂ ಗೊತ್ತಿದೆ. ಇಬ್ಬರೂ ಫೋನ್ ಇಟ್ಟೆವು.

ಏಪ್ರಿಲ್ 2

ಶಾಲೆಗಳಿಗೆ ರಜೆ. ಗೊಣಗಜ್ಜಿ ಈಗ ಬೆಳಿಗ್ಗೆ ಅಪ್ಪನ ಬಸ್ಸಿನಲ್ಲೇ ಬಂದಿಳಿಯುತ್ತಾಳೆ, ಸಂಜೆ ಅದರಲ್ಲೇ ಹೋಗುತ್ತಾಳೆ. ಮಧ್ಯಾಹ್ನ ಶೆಡ್ಡಿನ ನೆರಳಿನಲ್ಲಿ ಇಬ್ಬರೂ ಡಬ್ಬಿ ಬಿಚ್ಚಿ ತಿನ್ನುತ್ತೇವೆ. ನನ್ನ ಅಡುಗೆಗೆ ಉಪ್ಪು ಕಮ್ಮಿ ಅಂದಳು. ಇವತ್ತಿನಿಂದ ಸ್ವಲ್ಪ ಮುತುವರ್ಜಿಯಿಂದ ಮಾಡಬೇಕು. ಒಬ್ಬಳಿಗಾದರೆ ಏನೋ ಒಂದು ಬೇಯಿಸಿಕೊಂಡರೆ ನಡೆಯುತ್ತದೆ.

ಈ ಹುಡುಗಿ ಇಷ್ಟು ಉದ್ದವಾದದ್ದು ಯಾವಾಗ? ಹಳೆಯ ಸ್ಕರ್ಟು ಮಂಡಿಯಿಂದ ಎಷ್ಟೋ ಮೇಲಿದೆ. ಬ್ಯಾಕ್‌ಹ್ಯಾಂಡ್ ಯಾಕೋ ಕೆಟ್ಟಿದೆ. ಚೆಂಡನ್ನು ಹೊಡೆಯುವ ಬದಲು ನೆಲದಿಂದ ಮೊಗೆದು ಎತ್ತುತ್ತಾಳೆ, ಭುಜ ಕುಸಿಯುತ್ತದೆ. ತಿದ್ದಬೇಕು.

ಏಪ್ರಿಲ್ 7

ಭಾನುವಾರ. ಹಾಲಿನವನಿಗೆ "ನಾಳೆ ಅರ್ಧ ಲೀಟರ್ ಸಾಕು" ಅಂದದ್ದು ಬಿಟ್ಟರೆ ಇಡೀ ದಿನ ಬಾಯಿ ಬಿಟ್ಟಿಲ್ಲ. ಸಂಜೆ ಸುಮ್ಮನೆ ಕೆಮ್ಮಿ ನೋಡಿದೆ. ಸ್ವರ ಇತ್ತು.

ಏಪ್ರಿಲ್ 20

ಸರ್ ಪರದೆ ಎತ್ತಿಕೊಂಡು ಈಚೆ ಬಂದರು. ನಡಿಗೆಯಲ್ಲಿ ಯಾವತ್ತೂ ಅವಸರವಿಲ್ಲದ ಮನುಷ್ಯ. ಹಿಮ್ಮಡಿ ನೆಲಕ್ಕೆ ಊರಿ ನಡೆಯುವವರನ್ನು ನಂಬಬಹುದು ಅನ್ನುವುದು ನನ್ನ ಲೆಕ್ಕ. ತಂಗಿಯ ಗಂಡ ಎಡಗಾಲು ಎಳೆಯುತ್ತಾರೆ.

"ಈ ಸಲ ಯಾರ್ಯಾರನ್ನ ಕಳಿಸ್ತೀರಿ ಮೇಡಂ?"

ಹೇಳಿದೆ.

"ಮತ್ತೆ ಆ ಗೊಣಗೋ ಹುಡುಗಿ?"

"ಅವಳಿಗೆ ಬ್ಯಾಕ್‌ಹ್ಯಾಂಡ್ ಇನ್ನೂ ಕೂತಿಲ್ಲ ಸರ್."

"ಕಾಲು ಚೆನ್ನಾಗಿದೆ. ಪರದೆ ಕೆಳಗಿಂದ ಬರೀ ಕಾಲೇ ಕಾಣೋದು ನನಗೆ, ಅದಕ್ಕೆ ಹೇಳ್ದೆ. ಬರ್ಲಿ, ನೋಡೋಣ."

ನೋಡಲಿ. ಮೆಟ್ಟಿಲು ಹಾರಿಸುವುದು ನನಗೆ ಆಗದು. ಈ ವಯಸ್ಸಿನಲ್ಲಿ ಅವಸರಪಟ್ಟು ಕೆಟ್ಟ ಮಕ್ಕಳನ್ನು ಎಷ್ಟು ನೋಡಿಲ್ಲ ನಾನು. ಒಂದು ವರ್ಷ ಹೆಚ್ಚಿಗೆ ಕಲಿತರೆ ಯಾರ ಗಂಟೂ ಹೋಗುವುದಿಲ್ಲ.

ಮೇ 4

ಪರೀಕ್ಷೆ ಮುಗಿಯಿತು. ವಿಧಾನ ಯಾವಾಗಲೂ ಒಂದೇ. ನಾನು ನೆಟ್ಟಿನ ಈಚೆಯಿಂದ ಒಂದಾದ ಮೇಲೊಂದು ಕಿತ್ತಳೆ ಚೆಂಡು ಹಾಕುತ್ತೇನೆ, ಮಗು ಓಡಾಡಿಕೊಂಡು ವಾಪಸ್ ಕಳಿಸುತ್ತದೆ, ಸರ್ ಕೈಕಟ್ಟಿ ಪಕ್ಕದಲ್ಲಿ ನಿಂತು ನೋಡುತ್ತಾರೆ.

ಉಳಿದವರೆಲ್ಲ ಪಾಸು. ಅವಳಿಗೂ ಫೋರ್‌ಹ್ಯಾಂಡ್ ಎಲ್ಲ ಚೆನ್ನಾಗಿಯೇ ಆಯಿತು. ಬ್ಯಾಕ್‌ಹ್ಯಾಂಡಿನ ಸರದಿ ಬಂದಾಗ ಚೆಂಡುಗಳು ಸ್ವಲ್ಪ ಗಿಡ್ಡ, ನೆಟ್ಟಿನ ಹತ್ತಿರವೇ, ಬಿದ್ದವು. ಗಾಳಿಯೂ ಇತ್ತು. ಅವಳು ಮುಂದೆ ನುಗ್ಗಿ, ಪಾದದ ಹತ್ತಿರ ಬಗ್ಗಿ, ಮೊಗೆದು ಮೊಗೆದು ನೆಟ್ಟಿಗೆ ಹೊಡೆದಳು. ಒಂದಂತೂ ಅವಳ ಹಣೆಗೇ ಬಡಿಯಿತು. ಚಿಕ್ಕವರು ನಕ್ಕರು.

ಸರ್ ನನ್ನನ್ನು ಒಮ್ಮೆ ನೋಡಿದರು, ಬುಟ್ಟಿಯನ್ನು ಒಮ್ಮೆ ನೋಡಿದರು. "ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ ಅಂತೀರಾ?"

"ಅವಳಿಗೇ ಒಳ್ಳೇದು," ಅಂದೆ.

ಅವಳು ಅಳಲಿಲ್ಲ. ಚೆಂಡೆಲ್ಲ ಹೆಕ್ಕಿ ಬುಟ್ಟಿಗೆ ಹಾಕಿ, ಎಂದಿನ ಹಾಗೆ ಬೋರಲು ಹಾಕಿಕೊಂಡು ಕೂರದೆ, ಗೇಟಿನ ಹತ್ತಿರ ಹೋಗಿ ಬಸ್ಸಿಗೆ ಕಾದಳು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ಮನಸ್ಸು ಹಗುರವಾಗಿತ್ತು. ಎಷ್ಟೋ ದಿನದ ಮೇಲೆ ನಾನೇ ತಂಗಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ.

"ಅವಳಿಗೇನು ಕಮ್ಮಿ ಅಕ್ಕ? ನೀನೇ ಹೊಗಳ್ತಿದ್ಯಲ್ಲ?"

"ಬ್ಯಾಕ್‌ಹ್ಯಾಂಡ್."

"ಹೂಂ. ಇವರು ನನ್ನ ನೋಡಕ್ಕೆ ಬಂದಾಗ ಎಡಗಾಲು ಎಳೀತಾರೆ ಅಂದೆ ನೀನು. ಅದಕ್ಕಿಂತ ಮೊದಲು ಬಂದವರಿಗೆ ಭುಜ ಸರಿಯಿಲ್ಲ ಅಂದಿದ್ದೆ. ನಿನ್ನ ಕೋರ್ಟಲ್ಲಿ ಪಾಸಾಗೋದು ಕಷ್ಟ ಕಣೇ."

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ಆಮೇಲೆ ಮಾತು ಹಾಲಿನ ದರಕ್ಕೆ ಹೊರಳಿತು.

ಮೇ 9

ಪಾಸಾದವರೆಲ್ಲ ಆಚೆ ಹೋದರು. ಕಿತ್ತಳೆಯಲ್ಲಿ ಈಗ ಗೊಣಗಜ್ಜಿ ಒಬ್ಬಳೇ. ಕೆಂಪಿನವರು ಮೇಲೆ ಬರುವವರೆಗೆ ಅವಳಿಗೆ ನಾನೇ ಜೊತೆ. ಚಿಕ್ಕವರಿಗೆ ಹೊಡೆತ ತೋರಿಸಿಕೊಡುವ ಕೆಲಸವನ್ನೂ ಕೊಟ್ಟಿದ್ದೇನೆ. ನನಗೆ ಒಳ್ಳೆಯ ಸಹಾಯವಾಗಿದೆ.

ಒಂದು ಸುಧಾರಣೆ ಕಾಣುತ್ತಿದೆ. ಗೊಣಗುವುದನ್ನು ಬಿಟ್ಟಿದ್ದಾಳೆ. ಏಕಾಗ್ರತೆ ಬಂದಿರಬೇಕು. ಡಬ್ಬಿಗೆ ಉಪ್ಪು ಸರಿಯಾಗಿದೆಯಾ ಅಂತ ಕೇಳಿದೆ. ತಲೆಯಾಡಿಸಿದಳು.

ಮೇ 11

ಡಬ್ಬಿಯಲ್ಲಿ ಅರ್ಧ ಹಾಗೇ ಉಳಿಯಿತು. ಅವಳದೂ, ನನ್ನದೂ.

ಮೇ 14

ಇವತ್ತು ಅವಳು ಕೋರ್ಟಿಗೆ ಬರಲಿಲ್ಲ. ಸಂಜೆ ಅವಳಪ್ಪ ಬಸ್ಸನ್ನು ಗೇಟಿನ ಮುಂದೆ ನಿಲ್ಲಿಸಿ, ಇಂಜಿನ್ ಆರಿಸದೆ, ಇಳಿದು ಬಂದರು. ಇಡೀ ದಿನ ಕೂತು ಕೂತು ಸೊಂಟ ಹಿಡಿದವರ ನಡಿಗೆ.

"ಮೇಡಂ, ತಪ್ಪು ತಿಳ್ಕೋಬೇಡಿ. ಮಗಳು ಆಟ ಸಾಕು ಅಂತಿದಾಳೆ."

"ಯಾಕಂತೆ?"

"ಬಾಯಿ ಬಿಡಲ್ಲ. ಮೊದ್ಲೆಲ್ಲ ಊಟಕ್ಕೆ ಕೂತ್ರೂ ಗೊಣಗೋಳು, ನಿದ್ದೇಲೂ ಗೊಣಗೋಳು, ಅವಳಮ್ಮ ಬೈಯೋಳು. ಈಗ ಮನೆಯೆಲ್ಲ ಬಿಕೋ ಅನ್ನುತ್ತೆ. ಇವತ್ತು ಕೋರ್ಟ್ ಹತ್ರ ಇಳಿಯಲ್ಲ ಅಂತ ನನ್ನ ಸೀಟ್ ಹಿಂದೇನೇ ಕೂತು ಊರೆಲ್ಲ ಸುತ್ತಿದ್ಲು. ಹಂಗಾದ್ರೆ ಮೇಡಂಗೆ ನೀನೇ ಹೇಳು ಅಂದೆ. ನಾನು ಹೇಳಲ್ಲ, ಅವರು ಮನೇಲಿ ಒಬ್ರೇ ಇರ್ತಾರೆ, ಬೇಜಾರು ಮಾಡ್ಕೋತಾರೆ ಅಂದ್ಲು. ಇನ್ನೂ ಒಂದ್ವಾರ ಬರ್ತಾಳಂತೆ, ನಿಮಗೆ ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋರು ಸಿಗೋವರ್ಗೂ."

ಬಸ್ಸಿನಲ್ಲಿ ಯಾರೋ ಹಾರ್ನ್ ಒತ್ತಿದರು. ಅವರು ಹೋದರು.

ಒಂಬತ್ತು ವರ್ಷದ ಮಗುವಿಗೆ ನನ್ನ ಬಗ್ಗೆ ಕನಿಕರ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತಿದೆ. ಕನಿಕರ ಪಡುವಂಥದ್ದು ಏನಾಗಿದೆ ನನಗೆ?

ಮೇ 16

ಮಣ್ಣಿಗೆ ನೀರು ಹೊಡೆಯೋಣವೆಂದು ಬೆಳಿಗ್ಗೆ ಬೇಗ ಹೋದೆ. ಶೆಡ್ಡಿನ ಹಿಂದೆ ಗೋಡೆಗೆ ಚೆಂಡು ಬಡಿಯುವ ಸದ್ದು. ಯಾರಪ್ಪಾ ಇಷ್ಟು ಹೊತ್ತಿಗೆ ಅಂತ ನೀರಿನ ಟ್ಯಾಂಕಿನ ಮರೆಯಿಂದ ಇಣುಕಿದೆ.

ಗೊಣಗಜ್ಜಿ. ಬೇಲಿಯಲ್ಲಿ ಸಿಕ್ಕಿದ್ದಿರಬೇಕು, ಮೈಯೆಲ್ಲ ಸವೆದ ಒಂದು ಹಳೇ ಹಳದಿ ಚೆಂಡು. ಗೋಡೆಗೆ ಹೊಡೆಯುತ್ತಿದ್ದಳು. ಅದು ಅವಳ ಸೊಂಟದ ಮಟ್ಟಕ್ಕೆ ಪುಟಿದು ಬರುತ್ತಿತ್ತು. ಭುಜ ಕುಸಿಯಲಿಲ್ಲ. ಮೊಗೆಯಲಿಲ್ಲ. ಬ್ಯಾಕ್‌ಹ್ಯಾಂಡ್, ಮತ್ತೆ ಬ್ಯಾಕ್‌ಹ್ಯಾಂಡ್, ಪ್ರತಿಯೊಂದೂ ಗೋಡೆಯ ಅದೇ ಇಟ್ಟಿಗೆಗೆ. ಇದೇ ಹೊಡೆತವನ್ನು ನಾನು ವಾರಗಟ್ಟಲೆ ತಿದ್ದುತ್ತಿದ್ದೆ.

ಹುಡುಗಿ ಬೆಳೆದಿದ್ದಾಳೆ. ಕಿತ್ತಳೆ ಚೆಂಡು ಅವಳ ಮಂಡಿಯ ಹತ್ತಿರವೇ ಸತ್ತುಹೋಗುತ್ತದೆ. ಬಗ್ಗಿ ಮೊಗೆಯದೆ ಅವಳು ಇನ್ನೇನು ಮಾಡಬೇಕಿತ್ತು? ತಪ್ಪು ಚೆಂಡಿನದು, ಕೈಯದಲ್ಲ. ಮಗು ಚೆಂಡನ್ನು ಮೀರಿ ಬೆಳೆದಾಗ ಮೊದಲು ಕೆಡುವುದೇ ಬ್ಯಾಕ್‌ಹ್ಯಾಂಡ್. ಇದು ಈ ಕೆಲಸಕ್ಕೆ ನಿನ್ನೆ ಸೇರಿದವರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ?

ಅವಳು ಗೊಣಗುತ್ತಿದ್ದಳು. ಅಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಜೋರಾಗಿಯೇ. "ಬಂತು, ಬಾಗು, ಕಳಿಸು, ಜಾಗಕ್ಕೆ ಬಾ. ಬಂತು, ಬಾಗು, ಕಳಿಸು, ಜಾಗಕ್ಕೆ ಬಾ." ನನ್ನ ಹಾಗೆಯೇ, "ಬಾಗು" ಅನ್ನುವಾಗ ಸ್ವಲ್ಪ ರೇಗಿಕೊಂಡು. ಇಷ್ಟು ದಿನ ನನ್ನನ್ನು ಬೈಯುತ್ತಿದ್ದಾಳೆ ಅಂದುಕೊಂಡಿದ್ದೆ.

ಟ್ಯಾಂಕಿನ ಹಿಂದೆ ಕೂತುಬಿಟ್ಟೆ. ಮಣ್ಣಿಗೆ ನೀರು ಹೊಡೆಯಲಿಲ್ಲ. ತುಂಬಾ ಅತ್ತೆ ಅಂತ ಕಾಣುತ್ತದೆ, ಮುಖ ತೊಳೆದರೂ ಚಿಕ್ಕವರು "ಮೇಡಂ, ನಿಮಗೆ ನೆಗಡಿನಾ?" ಅಂತ ಕೇಳಿದರು.

ಮೇ 17

ಸರ್ ಬೆಂಚಿನ ಮೇಲೆ ಕೂತು ಯಾರದೋ ರ‍್ಯಾಕೆಟ್ಟಿಗೆ ತಂತಿ ಹಾಕುತ್ತಿದ್ದರು. ಎದುರು ನಿಂತೆ.

"ಸರ್, ಅವತ್ತು ಚೆಂಡು ಗಿಡ್ಡ ಬಿತ್ತು." ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಸರಿಪಡಿಸಿದೆ. "ನಾನು ಗಿಡ್ಡ ಹಾಕಿದೆ."

ಅವರು ತಲೆ ಎತ್ತಲಿಲ್ಲ. "ಗೊತ್ತಿತ್ತು ಮೇಡಂ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅವತ್ತು ಹೇಳಿದ್ರೆ ನೀವು ಗಾಳಿ ಅಂತಿದ್ರಿ."

ಅಂತಿದ್ದೆ. ಬರೆದೂ ಇದ್ದೇನೆ. ಈಗ ಪುಟ ತಿರುಗಿಸಿ ನೋಡಿದೆ.

"ಇನ್ನೊಂದು ಸಲ ನೋಡ್ತೀರಾ? ಸೇರಿಸ್ಕೊಳ್ಳೋ ದಿನ ಮುಗಿದಿದೆ, ಗೊತ್ತು. ಅವಳು ಆಟ ಬಿಡ್ತಿದಾಳೆ. ನನ್ನಿಂದ ಬಿಡ್ತಿದಾಳೆ."

ಅವರು ತಂತಿಯನ್ನು ಬೆರಳಿನಿಂದ ಮೀಟಿ ಕಿವಿಗೊಟ್ಟರು. "ನಾಳೆ ಕರ್ಕೊಂಡ್ಬನ್ನಿ. ಹಸಿರು ಚುಕ್ಕೇದ್ರಲ್ಲಿ ನೋಡೋಣ. ಒಂದು ಮಾತು, ಬಾಲ್ ನಾನು ಹಾಕ್ತೀನಿ."

ಮೇ 18

ಅವಳನ್ನು ಕರೆದುಕೊಂಡು ಹೋಗಿ ಪರದೆ ಎತ್ತಿದೆ. ಅವಳು ಅಲ್ಲೇ ನಿಂತು ನನ್ನ ಮುಖ ನೋಡಿದಳು.

"ನಾನು ಫೇಲ್ ಆಗಿದೀನಲ್ಲ ಮೇಡಂ."

"ನೀನಲ್ಲ, ನಾನು. ನಾನೇ ಸರಿಯಾಗಿ ಬಾಲ್ ಹಾಕಲಿಲ್ಲ. ಹೋಗು."

"ಮತ್ತೆ ಚಿಕ್ಕವರನ್ನ ಯಾರು ನೋಡ್ಕೋತಾರೆ?"

"ಅದು ನನ್ನ ಕೆಲಸ. ನೀನು ಹುಟ್ಟೋಕೆ ಮೊದಲಿಂದಾನೂ ನನ್ನದೇ."

ಪರದೆ ಬಿಟ್ಟೆ. ನಾನು ಈಚೆಯೇ ಬುಟ್ಟಿ ಬೋರಲು ಹಾಕಿಕೊಂಡು ಕೂತೆ. ಕೆಳಗಿನ ಸಂದಿಯಲ್ಲಿ ಅವಳ ಬೂಟು ಮಾತ್ರ ಕಾಣುತ್ತಿತ್ತು. ಮೊದಲು ಸದ್ದೆಲ್ಲ ತಪ್ಪು ತಪ್ಪಾಗಿ ಬಂತು, ಚೌಕಟ್ಟಿಗೆ ತಗುಲಿದ್ದು, ನೆಟ್ಟಿಗೆ ಬಿದ್ದದ್ದು. ಎದ್ದು ಹೋಗಿ ಅವಳ ಮೊಣಕೈ ಹಿಡಿದು ತೋರಿಸಿಬಿಡೋಣ ಅನ್ನಿಸಿತು. ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಬೂಟು ಎರಡು ಹೆಜ್ಜೆ ಹಿಂದೆ ಸರಿಯಿತು. ಆಮೇಲೆ ಗೊಣಗಾಟ ಶುರುವಾಯಿತು, ಅದರ ಹಿಂದೆಯೇ ತಂತಿಯ ನಟ್ಟನಡುವೆ ಚೆಂಡು ಕೂತ ಸದ್ದು. ಮತ್ತೆ ಅದೇ. ಮತ್ತೆ ಅದೇ.

ಸರ್ ಹೊರಗೆ ಬಂದು "ಸೋಮವಾರದಿಂದ ನನ್ನ ಹತ್ರ," ಅಂದರು. ಅಷ್ಟೇ.

ಅವಳು ನೀರಿನ ಬಾಟಲಿ ತೆಗೆದುಕೊಳ್ಳಲು ಬಂದಳು. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಸ್ವಲ್ಪ ದೂರ ಹೋಗಿ ತಿರುಗಿ ಬಂದಳು.

"ಇನ್ಮೇಲೆ ನಿಮ್ಮ ಬಾಲ್ ಯಾರು ಹೆಕ್ತಾರೆ?"

"ನಾನೇ."

"ನೀವು ಬಗ್ಗೋದು ನೋಡಿದೀನಿ. ಮಂಡಿ ಮಡಿಸಲ್ಲ," ಅಂದು ಗೊಣಗಿಕೊಂಡು ಬಸ್ಸಿನ ಕಡೆ ಓಡಿದಳು.

ಮೇ 20

ಸೋಮವಾರ. ಮಧ್ಯಾಹ್ನ ಡಬ್ಬಿ ಬಿಚ್ಚಿದೆ. ಇಬ್ಬರಿಗಾಗುವಷ್ಟು ತಂದಿದ್ದೆ.

ಮೇ 26

ತಂಗಿಗೆ ಹೇಳದೆಯೇ ಅವಳ ಮನೆಗೆ ಹೋದೆ. ಬಾಗಿಲು ತೆರೆದವಳು ಮೊದಲು ನನ್ನ ಕಾಲು ನೋಡಿದಳು. "ಸಾಕ್ಸ್ ಅಲ್ಲೇ ಬಿಚ್ಚಿ ಕೊಡವು. ಬೇರೆಯವರ ಮನೆ ಇದು." ಕೊಡವಿದೆ. ಅವಳು ಅತ್ತಳು.

ಪೊರಕೆ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದೆಯಂತೆ. ಮೂರು ತಿಂಗಳಿಂದ ಆ ಬಾಗಿಲನ್ನು ನಾನು ಮುಚ್ಚಿಯೇ ಇಲ್ಲ.

ಹೊರಟಾಗ ಅವಳ ಗಂಡ ಬಸ್ಸಿನವರೆಗೂ ಜೊತೆಗೆ ನಡೆದು ಬಂದರು. ಎಡಗಾಲು ಎಳೆಯುವುದು ನಿಜ. ಚಿಕ್ಕವರಿದ್ದಾಗ ಬಿದ್ದು ಮುರಿದಿತ್ತಂತೆ. ಅಷ್ಟು ದೂರ ನಡೆಸಿದೆನಲ್ಲ ಅಂತ ಸಂಕೋಚವಾಯಿತು. "ಮುಂದಿನ ಭಾನುವಾರಾನೂ ಬನ್ನಿ, ನನಗೂ ನಡೆದ ಹಾಗಾಗುತ್ತೆ," ಅಂದರು. ಬರುತ್ತೇನೆ ಅಂದೆ.

ಜೂನ್ 3

ಶಾಲೆಗಳು ಶುರುವಾದವು. ಕೆಂಪು ಚೆಂಡಿಗೆ ಇನ್ನೂ ಹೊಸಬರು ಸೇರಿದ್ದಾರೆ.

ಸಂಜೆ ಆಚೆಯಿಂದ ಆ ಗೊಣಗಾಟ ಕೇಳಿಸಿತು. ನನ್ನ ಕಟ್ಟುಪಾಡಿನ ಅವಧಿ ಇನ್ನೂ ಮುಗಿದಿಲ್ಲ. ಆದರೂ ಪರದೆಯಲ್ಲಿ ಕಂಬದ ಪಕ್ಕ ಒಂದು ಹರಿದ ಜಾಗವಿದೆ, ಸರಿಯಾಗಿ ಒಂದು ಕಣ್ಣಿಗೆ ಆಗುವಷ್ಟು. ಒಂದೇ ಒಂದು ಹೊಡೆತ ನೋಡಿ ಬರುತ್ತೇನೆ ಅಂದುಕೊಂಡು ಹೋದೆ.

ದೊಡ್ಡ ಕೋರ್ಟಿನಲ್ಲಿ ಅವಳು ಚಿಕ್ಕವಳಾಗಿ ಕಂಡಳು. ಎದುರಿಗೆ ಅವಳಿಗಿಂತ ಗಟ್ಟಿಮುಟ್ಟಾದ ಹುಡುಗಿ. ಗೊಣಗಜ್ಜಿ ಬಂದದ್ದನ್ನೆಲ್ಲ ಕಳಿಸುತ್ತಿದ್ದಳು. ಸೋತಳು, ಆದರೆ ಕಳಿಸುತ್ತಲೇ ಸೋತಳು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಕೊನೆಯ ಚೆಂಡು ಉರುಳಿಕೊಂಡು ಪರದೆಯ ಬುಡಕ್ಕೆ ಬಂತು. ಅವಳೇ ಹೆಕ್ಕಲು ಬಂದಳು, ಚೆನ್ನಾಗಿ ಮಂಡಿ ಮಡಿಸಿ ಬಗ್ಗಿದಳು, ತಲೆ ಮಾತ್ರ ಎತ್ತಲಿಲ್ಲ.

"ಮೇಡಂ," ಅಂತ ಗೊಣಗಿದಳು, "ಕಳಿಸಿದ್ಮೇಲೆ ನೋಡ್ತಾ ನಿಲ್ಬಾರ್ದು. ಜಾಗಕ್ಕೆ ಹೋಗಿ."

ಹೋದೆ. ಅಲ್ಲಿ ಕೆಂಪು ಚೆಂಡಿನವರು ಸಾಲು ಕೆಡಿಸಿಕೊಂಡು ಕಾಯುತ್ತಿದ್ದರು, ಒಬ್ಬಳು ರ‍್ಯಾಕೆಟ್ಟನ್ನು ತಲೆಕೆಳಗಾಗಿ ಹಿಡಿದಿದ್ದಳು. ಮಂಡಿ ಮಡಿಸಿ ಅವಳ ಎದುರು ಕೂತು, ಕೈಕುಲುಕುವ ಹಾಗೆ ಹಿಡಿ ಅಂದೆ.